ಹತ್ತು ನಿಮಿಷ ಮೊದಲೇ

“ನಿಮ್ಮ ಮಗಳು ನೀರಿಗೆ ಅಂತ ಇನ್ನೊಬ್ಬರ ಬಾಗಿಲು ತಟ್ಟೋ ಹಾಗೆ ಮಾಡಲ್ಲ ಮಾವ,” ಎಂದು ಮದುವೆಗೆ ಮುಂಚೆ ಅಪ್ಪ ನಮ್ಮ ತಾತನಿಗೆ ಮಾತು ಕೊಟ್ಟಿದ್ದರಂತೆ. ತಾತ ಎರಡನೇ ಪ್ರಶ್ನೆ ಕೇಳಲಿಲ್ಲ. ಇಡೀ ಬಡಾವಣೆಗೆ ನೀರು ಬಿಡುವವನೇ ಅಳಿಯನಾದರೆ ಇನ್ನೇನು ಬೇಕು?

ಕೇಳಬೇಕಾಗಿದ್ದದ್ದು ಒಂದಿತ್ತು: ಮನೆ ಎಲ್ಲಿದೆ? ನಮ್ಮ ಮನೆ ಏರಿನ ತುತ್ತತುದಿಯಲ್ಲಿತ್ತು. ದಿನ ಬಿಟ್ಟು ದಿನ ಅರ್ಧ ಗಂಟೆ ನೀರು. ಅದರಲ್ಲಿ ಮೊದಲ ಇಪ್ಪತ್ತು ನಿಮಿಷ ನಲ್ಲಿ ಬರೀ ಬುಸುಗುಡುತ್ತಿತ್ತು. ನೀರು ಬರುತ್ತಿದ್ದದ್ದು ಕೊನೆಯ ಹತ್ತು ನಿಮಿಷ.

ಹೀಗಿರುವಾಗ ಕೆಳಗಿನ ಬೀದಿಯ ಟೈಲರ್ ಒಬ್ಬ ನೀರು ಸರಬರಾಜು ಕಚೇರಿಗೆ ಅರ್ಜಿ ಹಾಕಿದ: ನೀರು ಬಿಡುವವನು ತಾನಿರುವ ಬೀದಿಗೆ ಹತ್ತು ನಿಮಿಷ ಹೆಚ್ಚು ಬಿಡುತ್ತಾನೆ. ಶುದ್ಧ ಸುಳ್ಳು. ಬೇರೆಯವರಾಗಿದ್ದರೆ ಜಗಳಕ್ಕೆ ಹೋಗುತ್ತಿದ್ದರು. ಅಪ್ಪ ನಮ್ಮ ಬೀದಿಯ ವಾಲ್ವನ್ನು ಹತ್ತು ನಿಮಿಷ ಮೊದಲೇ ಮುಚ್ಚತೊಡಗಿದರು.

“ಗಾಳಿ ಬಂತು ಕಣ್ರೀ, ಬಿಂದಿಗೆ ಇಡ್ಲಾ?” ಎಂದಳು ಅಮ್ಮ.

“ನಾಲ್ಕು ದಿನ ತಡ್ಕೋ. ನನ್ನ ಮೇಲೆ ಯಾರೂ ಬೆರಳು ತೋರಿಸಬಾರದು.”

“ಈಗ ನಮ್ಮ ಬೀದಿಯೋರೆಲ್ಲ ತೋರಿಸ್ತಿದಾರೆ. ಎರಡೆರಡು ಕೈಯಲ್ಲಿ.”

ಕಚೇರಿ ಮೆಚ್ಚಿ ಪ್ರಶಂಸಾಪತ್ರ ಕೊಟ್ಟಿತು. ಅಪ್ಪ ಅದಕ್ಕೆ ಗಾಜು ಹಾಕಿಸಿ ನಲ್ಲಿಯ ಮೇಲಿನ ಮೊಳೆಗೆ ತೂಗುಹಾಕಿದರು. ಅಲ್ಲಿ ಒದ್ದೆಯಾಗುವ ಭಯವಿರಲಿಲ್ಲ.

ಅದೇ ವಾರ ಅಕ್ಕ ಆಸ್ಪತ್ರೆಯಿಂದ ಕೂಸನ್ನೆತ್ತಿಕೊಂಡು ಬಂದಳು. ಮೂರನೇ ದಿನಕ್ಕೆ ಡ್ರಮ್ಮಿನ ತಳಕ್ಕೆ ಚೊಂಬು ತಾಗಿತು. ಕೂಸಿನ ಬಟ್ಟೆ ಮೂಲೆಯಲ್ಲಿ ರಾಶಿಯಾಗಿತ್ತು. ಅಮ್ಮ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು.

“ಎಲ್ಲಿಗೆ?” ಎಂದರು ಅಪ್ಪ.

“ಟೈಲರ್ ಮನೆಗೆ. ಅವರ ತೊಟ್ಟಿ ತುಂಬಿ ಚರಂಡಿಗೆ ಹರೀತಿದೆಯಂತೆ. ಇಲ್ಲಾಂದ್ರೆ ಆ ವಾಲ್ವ್ ಒಂದು ಸುತ್ತು ತಿರುಗಿಸಿ ಬನ್ನಿ.”

“ಇವತ್ತು ನಮ್ಮ ಬೀದಿ ಸರದಿ ಅಲ್ಲ.”

“ಸರಿ. ಮಗೂನ ಆ ಪ್ರಶಂಸಾಪತ್ರದಲ್ಲಿ ಒರೆಸ್ತೀನಿ, ಕೊಡಿ.”

ಅಪ್ಪ ಬಾಗಿಲ ಹಿಂದೆ ಒರಗಿಸಿದ್ದ ವಾಲ್ವಿನ ಉದ್ದನೆಯ ಕಬ್ಬಿಣದ ಕೀಲಿಯನ್ನು ನೋಡಿದರು. ಮುಟ್ಟಲಿಲ್ಲ. ಅಮ್ಮನ ಸೊಂಟದಿಂದ ಬಿಂದಿಗೆ ಕಿತ್ತುಕೊಂಡು ಇಳಿಜಾರಿನಲ್ಲಿ ನಡೆದರು. ಇನ್ನೊಂದು ಬಿಂದಿಗೆ ಹಿಡಿದು ನಾನೂ ಹಿಂದೆ ಹೋದೆ.

ಟೈಲರ್ ಬಾಗಿಲು ತೆಗೆದು ಬಿಂದಿಗೆಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದ.

“ಏನ್ ಸ್ವಾಮಿ, ನಿಮ್ಮನೇಲೇ ನೀರಿಲ್ವಾ?”

“ಹತ್ತು ನಿಮಿಷ ಮೊದಲೇ ನಿಲ್ಲಿಸ್ತಾರೆ.”

“ಯಾರಪ್ಪ ಆ ಪುಣ್ಯಾತ್ಮ? ಒಂದು ಅರ್ಜಿ ಬರೆದುಕೊಡ್ಲಾ?”

ಅಪ್ಪ ಬಿಂದಿಗೆ ಮುಂದೆ ಚಾಚಿದರು.

ಅಮ್ಮ ಯಾರ ಬಾಗಿಲನ್ನೂ ತಟ್ಟಲಿಲ್ಲ. ಅಪ್ಪ ಕೊಟ್ಟ ಮಾತು ಉಳಿಯಿತು.