ಸಿದ್ರ್ ಮರದ ಬುಡದ ಗರಿಕೆ

ಕೊಲ್ಲಿ ನಾಡಿನ ಲುಸೈಲ್ ನಗರದಿಂದಾಚೆ, ಬೇಲಿ ಹಾಕಿದ ಮೂರೆಕರೆಯ ಸುಣ್ಣಕಲ್ಲಿನ ತಗ್ಗು. ಮಳೆ ಬಿದ್ದ ವರ್ಷ ಹುಲ್ಲು ಏಳುತ್ತದೆ, ಇಲ್ಲದ ವರ್ಷ ಬರೀ ಕಲ್ಲು. ಅಲ್ಲಿನ ಗಿಡಗಳ ಪಟ್ಟಿ ಮಾಡುವುದು ಮೈಸೂರಿನ ಅರುಂಧತಿಯ ಕೆಲಸ. ಮಾರ್ಚ್ ಮೊದಲ ವಾರದ ಒಂದು ಬೆಳಿಗ್ಗೆ, ಎಲಚಿಯ ಜಾತಿಯ ಸಿದ್ರ್ ಮರದ ಬುಡದಲ್ಲಿ ಅವಳು ಮಂಡಿಯೂರಿ ಹತ್ತು ನಿಮಿಷವಾಗಿತ್ತು. ಎದುರಿಗಿದ್ದದ್ದು ಗರಿಕೆ. ಅದರಲ್ಲಿ ಅನುಮಾನವಿರಲಿಲ್ಲ. ಎಲ್ಲಿಂದ ಬಂತು ಎಂಬುದೇ ತಿಳಿಯುತ್ತಿರಲಿಲ್ಲ.

ನಮೂನೆಯಲ್ಲಿ ಎರಡೇ ಕಾಲಂ: ಇಲ್ಲಿನದು, ಹೊರಗಿನದು. ಹೊರಗಿನದೆಂದು ಬರೆದರೆ, ಅದು ಹರಡದಂತೆ ಯಂತ್ರ ಬಂದು ಸುತ್ತ ಒಂದು ಮೀಟರ್ ನೆಲ ಅಗೆದು ತೆಗೆಯುತ್ತದೆ. ಗರಿಕೆಯಿಂದ ಎರಡು ಗೇಣು ದೂರದಲ್ಲೇ ಧಬ್ಬ್‌ನ ಬಿಲ. ಮುಳ್ಳುಬಾಲದ ಆ ದಪ್ಪ ಹಲ್ಲಿ ಚಳಿ ಮುಗಿದು ಹೊರಬಂದು ನಾಲ್ಕು ದಿನವಾಗಿತ್ತು. ಇಡೀ ತಗ್ಗಿನಲ್ಲಿ ಜೀವವಿದ್ದ ಬಿಲ ಅದೊಂದೇ. ಇಲ್ಲಿನದೆಂದು ಬರೆದರೆ ಬಿಲ ಉಳಿಯುತ್ತದೆ. ಆದರೆ ಅದು ಸುಳ್ಳಾಗಬಹುದು. ಏಕೆಂದರೆ ಕಳೆದ ಆಗಸ್ಟ್‌ನಲ್ಲಿ ಗಣೇಶ ಹಬ್ಬದ ಮಾರನೇ ದಿನ, ಪೂಜೆಗಿಟ್ಟ ಗರಿಕೆಯನ್ನು ಕಸದ ಡಬ್ಬಿಗೆ ಹಾಕಲು ಮನಸ್ಸಾಗದೆ, ಯಾರೂ ತುಳಿಯದ ಜಾಗವೆಂದು ಇದೇ ಮರದ ಬುಡದಲ್ಲಿ ಇಟ್ಟವಳು ಅವಳೇ. ಕೆಂಪು ದಾರ ಸುತ್ತಿದ ಅಂಗಡಿಯ ಆ ಕಟ್ಟಿನಲ್ಲಿ ಕೆಲವಕ್ಕೆ ಬೇರೂ ಇತ್ತು.

ಆದರೂ ಆಗಸ್ಟ್ ಬಿಸಿಲಿಗೆ ಅದು ಎರಡು ದಿನ ತಡೆಯುವುದೂ ಕಷ್ಟ. ಹಿಂದಿನ ವರ್ಷದ ಪಟ್ಟಿ ತೆಗೆದು ನೋಡಿದಳು. ಬೇರೆ ಯಾರೋ ಬರೆದದ್ದು: ‘ಹುಲ್ಲು, ಮೂರು ಬಗೆ’. ಹೆಸರಿಲ್ಲ.

ಕಾವಲುಗಾರ ಪಕೀರಬ್ಬನನ್ನು ಕರೆದು, ಮೊದಲೂ ಇಲ್ಲಿ ಹುಲ್ಲಿತ್ತೇ ಎಂದು ಕೇಳಿದಳು. ಮಂಗಳೂರು ಕಡೆಯ ಆತ ಆರು ವರ್ಷದಿಂದ ಇಲ್ಲಿದ್ದಾನೆ. ಮಳೆಯಾದ ಮೇಲೆ ಹಸಿರು ಇರುತ್ತಿತ್ತು, ಇದೇ ಹುಲ್ಲೋ ಬೇರೆಯೋ ತಾನು ನೋಡಿಲ್ಲ ಎಂದ. ಆಮೇಲೆ ಹೇಳಿದ:

“ನಾನು ದಿನಾ ನೀರು ಹಾಕ್ತೇನೆ ಮೇಡಂ. ನೀವು ಕೈಮುಗಿದು ಇಟ್ಟು ಹೋದದ್ದು ನೋಡಿದ್ದೆ. ದೇವರದ್ದಲ್ವಾ, ಒಣಗಿಸುವುದು ಹೇಗೆ?”

“ಆಗಸ್ಟಿಂದಾನಾ?”

“ಒಂದು ದಿನ ತಪ್ಪಿಸ್ಲಿಲ್ಲ ಮಾರಾಯ್ರೆ.”

ಅವಳು ಹುಲ್ಲನ್ನು ಬಿಡಿಸಿ ನೋಡಿದಳು. ಒಂದು ಕುಡಿ ಬಣ್ಣಗೆಟ್ಟ ಕೆಂಪು ದಾರದ ಗಂಟಿನೊಳಗಿಂದ ಹೊರಟಿತ್ತು. ಅದು ತನ್ನದೇ. ಇನ್ನೊಂದು, ದಪ್ಪ ಹಳೆಯ ಬಳ್ಳಿ, ಕಲ್ಲಿನ ಬಿರುಕಿನಿಂದ ಎದ್ದಿತ್ತು; ಅದು ಇಲ್ಲಿನದೇ ಇರಬಹುದು. ಎರಡೂ ಹೆಣೆದುಕೊಂಡಿದ್ದವು. ಒಂದು ಎಳೆ ಹಿಡಿದು ಹೋದರೆ ನಾಲ್ಕು ಬೆರಳು ದಾಟುವುದರೊಳಗೆ ಯಾವುದು ಯಾವುದೆಂದು ತಪ್ಪಿಹೋಗುತ್ತಿತ್ತು. ಮೂರು ಸಲ ಹೊಸದಾಗಿ ಶುರುಮಾಡಿ ಕೈಬಿಟ್ಟಳು.

ಆಫೀಸಿನಿಂದ ಮೇಲಧಿಕಾರಿ ಧನಂಜಯನ ಫೋನು ಬಂತು. ಅವಳು ದಾರದ ವಿಷಯವನ್ನೂ ಮುಚ್ಚಿಡದೆ ಎಲ್ಲ ಹೇಳಿದಳು.

“ರಿಪೋರ್ಟಲ್ಲಿ ಗಣಪತಿನ ಎಲ್ಲಿ ತರ್ಲಿ ಅರುಂಧತಿ? ಎರಡು ಕಾಲಂ ಇದೆ. ಒಂದಕ್ಕೆ ಟಿಕ್ ಹಾಕಿ, ಖಲಾಸ್.”

ಅವಳು ಟಿಕ್ ಹಾಕಲಿಲ್ಲ. ಅಂಚಿನಲ್ಲಿ ಗೆರೆ ಎಳೆದು ಮೂರನೇ ಕಾಲಂ ಮಾಡಿ ಬರೆದಳು: ‘ನಿರ್ಧಾರವಾಗಿಲ್ಲ. ಆಗಸ್ಟ್‌ನಲ್ಲಿ ಇಲ್ಲಿ ಗರಿಕೆ ಇಟ್ಟವಳು ನಾನು. ಜೀವವಿರುವ ಬಿಲವಿದೆ. ಅಕ್ಟೋಬರ್‌ವರೆಗೆ ಅಗೆಯಬಾರದು.’ ಕೆಳಗೆ ಪೂರ್ತಿ ಹೆಸರು ಹಾಕಿದಳು.

ಇನ್ನು ನೀರು ಹಾಕಬೇಡಿ, ಬೇಸಿಗೆಯೇ ಹೇಳಲಿ ಎಂದಳು ಪಕೀರಬ್ಬನಿಗೆ. ಒಣಗಿದರೆ ತಾನು ತಂದದ್ದು, ಉಳಿದರೆ ಇಲ್ಲಿಯದು.

ಪಕೀರಬ್ಬ ನೀರಿನ ಕ್ಯಾನು ಕೆಳಗಿಟ್ಟ. “ಅರ್ಧ ಒಣಗಿ ಅರ್ಧ ಉಳಿದರೆ ಎಂತ ಮಾಡುವುದು ಮೇಡಂ?”