ಸಕ್ಕರ್ ಮೀನಿಗೂ ಹಸಿವುಂಟು

"ಕೊಲೆಗಾರ ಇದು. ಈಗ್ಲೇ ಗಟಾರಕ್ಕೆ ಬಿಸಾಡ್ತೇನೆ," ಎಂದು ಯಜ್ಞೇಶ್ವರ ಅಂಗಿಯ ತೋಳು ಮಡಚಿಕೊಂಡು ಗಾಜಿನ ತೊಟ್ಟಿಯತ್ತ ನುಗ್ಗಿದ.

ಹೆಂಡತಿ ರಮಾಮಣಿ ಅಡ್ಡ ನಿಂತಳು. "ಮಾತು ಬಾರದ ಪ್ರಾಣಿ ಹತ್ರ ಎಂತ ನಿಮ್ಮ ಪೌರುಷ? ಕೈ ತೆಗೀರಿ."

"ಗೋಲ್ಡ್‌ಫಿಶ್ ಮೈ ನೋಡಿದ್ಯಾ? ಹೀರಿ ಹೀರಿ ಹುಣ್ಣು ಮಾಡಿ ಕೊಂದಿದೆ. ಇನ್ನೂ ಅದರ ಪರ ಮಾತಾಡ್ತೀಯಲ್ಲ ನೀನು."

ಅಂದು ಭಾನುವಾರ. ಬೆಳಿಗ್ಗೆ ಗೋಲ್ಡ್‌ಫಿಶ್ ಸತ್ತು ತೇಲುತ್ತಿತ್ತು. ಹಿಂದಿನ ದಿನ ಆ ಕಪ್ಪು ಸಕ್ಕರ್ ಮೀನು ಅದರ ಪಕ್ಕೆಗೆ ಅಂಟಿಕೊಂಡಿದ್ದನ್ನು ಇಬ್ಬರೂ ಕಣ್ಣಾರೆ ಕಂಡಿದ್ದರು.

ತೊಂಬತ್ತರ ದಶಕದ, ಮಹಾನಗರದ ಅಂಚಿನ ಡೊಂಬಿವಲಿ ಅದು. ಚಾಳಿನ ಒಂಟಿ ಕೋಣೆ ಬಿಟ್ಟು ಫ್ಲ್ಯಾಟಿಗೆ ಬಂದವರೆಲ್ಲ ಟಿವಿ ಪಕ್ಕ ಮೀನಿನ ತೊಟ್ಟಿ ಇಡುತ್ತಿದ್ದ ಕಾಲ. ಲೋಕಲ್ ರೈಲಿನಲ್ಲಿ ಜೋತಾಡಿ ಬಂದ ಗಂಡಸರು ಚಹಾ ಹಿಡಿದು ಅದರ ಮುಂದೆ ಕೂತರೆ ಮುಖದ ಗಂಟು ಸಡಿಲವಾಗುತ್ತಿತ್ತು. ನೆರೆಮನೆಯ ಮಕ್ಕಳು ಬಾಗಿಲು ತಟ್ಟದೆ ಒಳಗೆ ಬಂದು ಗಾಜಿಗೆ ಮೂಗು ಒತ್ತುತ್ತಿದ್ದರು. ಈಗ ಯಾರ ಮನೆಗೆ ಯಾರು ಹಾಗೆ ಬರುತ್ತಾರೆ?

ಈ ತೊಟ್ಟಿಯನ್ನು ಗೃಹಪ್ರವೇಶಕ್ಕೆ ಕೊಟ್ಟವನು ಲೀಲಾಧರ. ಉಡುಪಿ ಕಡೆಯ ಒಂದೇ ಊರಿನಿಂದ ಯಜ್ಞೇಶ್ವರನ ಜೊತೆ ಒಂದೇ ಬಸ್ಸಿನಲ್ಲಿ ಮಹಾನಗರಕ್ಕೆ ಬಂದು, ಒಂದೇ ಹೋಟೆಲಿನಲ್ಲಿ ತಟ್ಟೆ ತೊಳೆದ ಗೆಳೆಯ. ಸಕ್ಕರ್ ಮೀನನ್ನು ಬಿಟ್ಟವನೂ ಅವನೇ. "ಇದು ಉಳಿದ ಮೀನುಗಳ ಹೇಲು ತಿಂದು ಬದುಕ್ತದೆ. ಇದಕ್ಕೆ ಊಟ ಬೇಡ, ನೀವು ನೀರು ಬದಲು ಮಾಡುದೂ ಬೇಡ," ಎಂದಿದ್ದ. ಆ ಮಾತನ್ನು ಈ ಮನೆ ಅಕ್ಷರಶಃ ಪಾಲಿಸಿತ್ತು.

ಸುದ್ದಿ ಕೇಳಿ ಬಂದ ಅವನೀಗ ಮೀನು ಒಯ್ಯಲು ಕಾಲ ಬಳಿ ಬಕೆಟ್ ಇಟ್ಟುಕೊಂಡು ಸೋಫಾದ ಮೇಲೆ ಕೂತಿದ್ದ. "ಗಟಾರಕ್ಕೆ ಯಾಕೆ? ಟಿಟ್ವಾಳಾದ ಗಣಪತಿ ದೇವಸ್ಥಾನದ ಕೆರೆಗೆ ಬಿಡುವ. ಪುಣ್ಯ ಆದ್ರೂ ಬರ್ತದೆ."

ರಮಾಮಣಿಗೆ ಅದು ಹಿಡಿಸಿತು. ಚಿಕ್ಕಂದಿನಲ್ಲಿ ಕಂಡ ಊರಿನ ದೇವಸ್ಥಾನದ ಕೆರೆ ಕಣ್ಣ ಮುಂದೆ ಬಂತು. ಅಮ್ಮ ಕೊಟ್ಟ ಅರಳನ್ನು ಎಸೆದರೆ ನೀರೆಲ್ಲ ಮೀನುಗಳ ಬಾಯಿಯೇ. ದೇವರ ಮೀನು, ಯಾರೂ ಮುಟ್ಟುವಂತಿಲ್ಲ. ಅಲ್ಲಿ ಬಿಟ್ಟರೆ ಈ ಬಡಪಾಯಿಯೂ ಬದುಕಿಕೊಂಡೀತು.

ಅಷ್ಟರಲ್ಲಿ ಕೆಳಗಿನ ಮಹಡಿಯ ಪ್ರಫುಲ್ಲಾ ಬಂದಳು. ಅವಳು ಪಕ್ಕದೂರು ಕಲ್ಯಾಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು.

"ಎಂತ ರಮಕ್ಕ, ನಿಮ್ಮ ಗಲಾಟೆ ಗೇಟಿನವರೆಗೆ ಕೇಳ್ತದೆ."

ವಿಷಯ ತಿಳಿದು ಅವಳು ತೊಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. "ಬಾಯಿ ನೋಡಿ, ಗದ್ದದ ಅಡಿಗೆ ಬಟ್ಟಲಿನ ಹಾಗೆ ಉಂಟು. ಮೈ ಹಲಸಿನ ಸಿಪ್ಪೆಯ ಹಾಗೆ ಒರಟು. ಬೆನ್ನಿನ ರೆಕ್ಕೆ ಬಿಡಿಸಿದ್ರೆ ದೋಣಿಯ ಹಾಯಿ. ಇದಕ್ಕೆ ಪ್ಲೆಕೊ ಅಂತ ಹೆಸರು. ಈಗ ಗೇಣುದ್ದ ಉಂಟು, ಒಂದೂವರೆ ಅಡಿ ಬೆಳೀತದೆ. ಹೊಟ್ಟೆ ನೋಡಿದ್ರಾ? ಒಳಗೆ ಹೋಗಿದೆ."

"ಕಸ ತಿನ್ನುವ ಮೀನಿಗೆ ಹೊಟ್ಟೆ ಒಣಗುದು ಹೇಗೆ?" ಲೀಲಾಧರ ನಕ್ಕ.

"ಯಾವ ಮೀನೂ ಹೇಲು ತಿಂದು ಬದುಕುದಿಲ್ಲ ಲೀಲಣ್ಣ. ಇದು ತಿನ್ನುದು ಪಾಚಿ, ಸೊಪ್ಪು ತರಕಾರಿ. ಅದೂ ಸಿಕ್ಕದಿದ್ರೆ ಪಕ್ಕದ ಮೀನಿನ ಮೈಯ ಲೋಳೆ ಹೀರ್ತದೆ. ಹಸಿವು, ಅಷ್ಟೆ."

"ಹಾಗಾದ್ರೆ ಗಣಪತಿ ಕೆರೆಗೇ ಬಿಡುವ," ಎಂದಳು ರಮಾಮಣಿ.

"ಬೇಡ ರಮಕ್ಕ. ಇದು ದಕ್ಷಿಣ ಅಮೆರಿಕದ ನದಿಯದ್ದು. ಮೈಮೇಲೆ ಎಲುಬಿನ ಕವಚ, ಕೊಕ್ಕರೆಗೂ ನುಂಗ್ಲಿಕ್ಕೆ ಕಷ್ಟ. ದಡ ಕೊರೆದು ಮರಿ ಮಾಡ್ತದೆ. ಎಲ್ಲರೂ ಪುಣ್ಯ ಅಂತ ತಂದು ಬಿಟ್ರೆ, ಆ ಕೆರೆಯದ್ದೇ ಮೀನಿಗೆ ಜಾಗ ಎಲ್ಲಿ?"

ರಮಾಮಣಿ ಬಕೆಟ್ಟನ್ನು ಬದಿಗೆ ಸರಿಸಿದಳು. ಯಜ್ಞೇಶ್ವರ ಮಾತ್ರ ಬಗ್ಗಲಿಲ್ಲ. "ಪುಸ್ತಕದ ಮಾತು ಬೇಡ. ತೋರ್ಸು."

ಪ್ರಫುಲ್ಲಾ ಸೌತೆಕಾಯಿಯ ಒಂದು ಹೋಳನ್ನು ಸ್ಟೀಲ್ ಚಮಚಕ್ಕೆ ಕಟ್ಟಿ ನೀರಿಗೆ ಇಳಿಸಿದಳು. "ಇದು ಕತ್ತಲಲ್ಲಿ ಮೇಯುವ ಮೀನು," ಎಂದು ತೊಟ್ಟಿಯ ದೀಪ ಆರಿಸಿ ಕಿಟಕಿಯ ಪರದೆ ಎಳೆದಳು. ಎಲ್ಲರೂ ಗಾಜಿನ ಮುಂದೆ ಕಾದು ಕೂತರು. ಕಲ್ಲಿನ ಮರೆಯಿಂದ ಕಪ್ಪು ನೆರಳೊಂದು ತೆವಳಿ ಬಂತು. ಹೋಳಿಗೆ ಬಾಯಿ ಇಟ್ಟಿದ್ದೇ ತಡ, ಬಾಲ ನಡುಗಿಸುತ್ತ ಕೆರೆಯತೊಡಗಿತು. ಚಮಚ ಗಾಜಿಗೆ ತಾಗಿ ಟಿಣ್ ಟಿಣ್ ಎಂದಿತು.

"ಬ್ರಾಹ್ಮಣ ಮೀನು ಮಾರಾಯ್ತಿ ಇದು," ಎಂದ ಯಜ್ಞೇಶ್ವರ ಮೆಲ್ಲಗೆ. ಮರುಕ್ಷಣ ಅವನ ಸಿಟ್ಟು ಗೆಳೆಯನತ್ತ ತಿರುಗಿತು. "ಇಷ್ಟು ದಿನ ಉಪವಾಸ ಕೆಡವಿದ್ದೇವಲ್ಲ ಇದನ್ನು. ನಿನ್ನ ಮಾತು ಕೇಳಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ಲಿಕ್ಕೆ ನಿಂಗೆ ಏನು ಧಾಡಿ?"

"ಒಂದು ಮೀನಿಗಾಗಿ ನಂಗೆ ಈ ಮಾತಾ?"

"ಹೌದು, ಮೀನಿಗಾಗಿಯೇ."

ಲೀಲಾಧರ ಎದ್ದ. "ಚಹಾ ಆದ್ರೂ ಕುಡೀರಿ," ಎಂದು ರಮಾಮಣಿ ಬಾಗಿಲವರೆಗೆ ಹೋದಳು. ಅವನು ತಿರುಗಿ ನೋಡದೆ ಮೆಟ್ಟಿಲಿಳಿದ. ಮತ್ತೆಂದೂ ಆ ಮನೆಗೆ ಬರಲಿಲ್ಲ. ದೊಡ್ಡ ತೊಟ್ಟಿ ಬಂತು, ಮೀನು ಮೊಳದುದ್ದ ಬೆಳೆಯಿತು. ಬಂದವರಿಗೆಲ್ಲ ಅದನ್ನು ತೋರಿಸುವಾಗ ಯಜ್ಞೇಶ್ವರ ಆ ಗೆಳೆಯನ ಹೆಸರು ಮಾತ್ರ ಎತ್ತುತ್ತಿರಲಿಲ್ಲ.

ಓದುವವರೇ, ನೀವೂ ತಿಳಿಯದ್ದನ್ನು ತಿಳಿದವರ ಹಾಗೆ ಹೇಳಬೇಡಿ, ಕೇಳಿದ್ದನ್ನೆಲ್ಲ ನಂಬಬೇಡಿ. ಮೀನು ಕೊಳ್ಳುವ ಮೊದಲು ಅದು ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ ಎಂದು ಕೇಳಿ. ಮನೆಯಲ್ಲಿ ಸಕ್ಕರ್ ಮೀನಿದ್ದರೆ ಸಂಜೆ ಸೌತೆಯೋ ಹೀರೆಯೋ ಒಂದು ಹೋಳು ಹಾಕಿ, ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ. ಕೆರೆದು ತಿನ್ನಲು ಒಂದು ಮರದ ತುಂಡು ಇರಲಿ. ಕ್ಲೋರಿನ್ ಹೋಗಲೆಂದು ನಲ್ಲಿಯ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ಇಟ್ಟು, ವಾರಕ್ಕೊಮ್ಮೆ ತೊಟ್ಟಿಯ ಕಾಲು ಭಾಗ ನೀರು ಬದಲಿಸಿ. ತೊಟ್ಟಿ ತೊಳೆಯುವುದು ನಿಮ್ಮ ಕೆಲಸ, ಮೀನಿನದ್ದಲ್ಲ. ಸಾಕಲಾಗದಿದ್ದರೆ ಅಂಗಡಿಗೆ ಮರಳಿಸಿ. ದೇವರ ಕೆರೆಯೇ ಇರಲಿ, ಊರ ನಾಲೆಯೇ ಇರಲಿ, ನೀರಿಗೆ ಮಾತ್ರ ಬಿಡಬೇಡಿ.