ಸುರಯ್ಯೊ ಓಪಾಳ ಮೂರನೆಯ ಕರೆ

ಕೈಗೆತ್ತಿಕೊಂಡ ಫೋನಿನ ಪರದೆಯ ಮೇಲೆ, ಎತ್ತದ ಕರೆಯಾಗಿ, ಅದೇ ಸಂಖ್ಯೆ ಎರಡನೆಯ ಸಲ ಕೆಂಪಗೆ ಕಾಣಿಸಿದಾಗ ಮುಹಯ್ಯೊಳ ಬೆರಳಿನಿಂದ ಸೂಜಿ ಜಾರಿತು. ಬುಖಾರಾದ ಸಂಖ್ಯೆ. ಕರೆ ಬಂದು ಇಪ್ಪತ್ತು ನಿಮಿಷವಾಗಿತ್ತು. ಆ ಇಪ್ಪತ್ತು ನಿಮಿಷವೂ ಅವಳು ಇದೇ ಕೋಣೆಯಲ್ಲಿ, ಗೋಡೆಯ ಗೂಡಿನಲ್ಲಿದ್ದ ಫೋನಿನಿಂದ ಎರಡು ಮಾರು ದೂರದಲ್ಲಿ, ದಾಳಿಂಬೆ ಹೂವಿನ ಎಸಳಿಗೆ ಕೆಂಪು ದಾರ ತುಂಬುತ್ತ ಕುಳಿತಿದ್ದಳು.

"ಅತ್ತಿಗೆ, ಫೋನ್ ಬಡ್ಕೊಂಡಿದ್ದು ನಿಮಗೇನಾದ್ರೂ ಕೇಳಿಸ್ತಾ?"

ತನ್ನ ಕೂಸಿನ ತೊಟ್ಟಿಲಿಗೆ ಒರಗಿ ತೂಕಡಿಸುತ್ತಿದ್ದ ದಿಲ್ರಬೊ ಕಣ್ಣು ತೆರೆಯಲಿಲ್ಲ. "ಈ ಮನೇಲಿ ಬಡ್ಕೊಳ್ಳೋನು ನಿನ್ನ ಅಳಿಯ ಒಬ್ಬನೇ ಕಣೆ. ಅವನೂ ಈಗ ತಾನೇ ಸುಮ್ಮನಾಗಿದಾನೆ. ಮೆತ್ತಗೆ ಮಾತಾಡು."

ಮುಹಯ್ಯೊ ಮೆತ್ತಗೆ ಬಿಟ್ಟು ಬೇರೆ ರೀತಿ ಮಾತಾಡಿದ್ದನ್ನು ಉರ್ಗುತ್‌ನ ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಅಂದಿನಿಂದ ಎಂಟು ವರ್ಷ ಸುಜನಿ ಎಂಬ ಕಸೂತಿ ಹಾಸುಗಳ ಮೇಲೆ ಬೇರೆಯವರು ಬರೆದುಕೊಟ್ಟ ಗೆರೆಗಳ ಒಳಗೆ ದಾರ ತುಂಬಿದ್ದಳು. ವಸಂತದ ಸಂತೆಯಲ್ಲಿ ಬುಖಾರಾದ ಸುಜನಿ ಕಾರ್ಯಾಗಾರದ ಒಡತಿ, ಎಲ್ಲರೂ ಓಪಾ, ಅಂದರೆ ಅಕ್ಕ, ಎಂದೇ ಕರೆಯುವ ಸುರಯ್ಯೊ ಓಪಾ ಅವಳ ಒಂದು ಹಾಸನ್ನು ತಿರುವಿ, ಹಿಂಬದಿಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿ, "ಗೆರೆ ಯಾರದು?" ಎಂದು ಕೇಳಿದ್ದಳು.

"ನಮ್ಮ ಬೀದಿಯ ಗೆರೆಯವ್ವನದು."

"ನಿನ್ನ ಗೆರೆ ಯಾವಾಗ?"

ಮುಹಯ್ಯೊ ಹಾಸನ್ನು ಮಡಚತೊಡಗಿದಳು. ಆದರೂ ಓಪಾ ಫೋನ್ ಸಂಖ್ಯೆ ಬರೆದುಕೊಂಡಳು. ಗೆರೆ ಎಳೆಯುವುದನ್ನು ಕಲಿಸಲು ಅವಳು ವರ್ಷಕ್ಕೆ ಒಬ್ಬಳನ್ನು ಮಾತ್ರ ಕರೆದುಕೊಳ್ಳುತ್ತಿದ್ದಳು. ಮನೆಯ ಹಳೆಯ ಫೋನಿನಲ್ಲಿ ಆ ಕಡೆಯವರ ಮಾತು ಅರ್ಧ ಕೇಳುತ್ತಿರಲಿಲ್ಲವಾದ್ದರಿಂದ ಮುಹಯ್ಯೊ ತನ್ನ ಎರಡು ಹಾಸು ಮಾರಿ, ಅದೇ ಸಿಮ್ಮಿಗೆ ಈ ಹೊಸ ಫೋನು ಕೊಂಡಿದ್ದಳು. ಫೋನು ಕೊಂಡದ್ದೇ ಆ ಒಂದು ಕರೆಗಾಗಿ.

ಧೈರ್ಯ ತಂದುಕೊಂಡು ಅವಳೇ ತಿರುಗಿ ಮಾಡಿದಳು. ಕಾರ್ಯಾಗಾರದ ಗುಮಾಸ್ತೆ ಎತ್ತಿದಳು.

"ಓಪಾ ಹೊರಟುಹೋದ್ರು. ನಿನ್ನೆಯೂ ಮಾಡಿದ್ರು, ಇವತ್ತೂ ಮಾಡಿದ್ರು. ಎಲ್ಲಿರ್ತೀಯಮ್ಮ ನೀನು?"

"ಇಲ್ಲೇ... ಫೋನ್ ಪಕ್ಕದಲ್ಲೇ ಇದ್ದೆ."

"ಪಕ್ಕದಲ್ಲೇ ಇದ್ದು ಎತ್ತಲಿಲ್ವಾ? ಚೆನ್ನಾಗಿದೆ! ನೋಡು, ಶುಕ್ರವಾರ ಮಧ್ಯಾಹ್ನದ ಒಳಗೆ ಇನ್ನೊಂದು ಸಲ ಮಾಡ್ತಾರೆ. ನಾಲ್ಕನೇ ಸಲ ಮಾಡೋ ಅಭ್ಯಾಸ ಅವರಿಗಿಲ್ಲ. ನೂರಾತಾದ ಹುಡುಗಿ ಒಬ್ಬಳು ಮೊದಲ ರಿಂಗಿಗೇ ಎತ್ತಿದಾಳೆ, ತಿಳ್ಕೋ."

ಅಂದು ಮಂಗಳವಾರ.

ಬುಧವಾರ ಬೆಳಗ್ಗೆಯೇ ಅವಳು ಬಜಾರಿನ ಶುಹ್ರತ್‌ನ ಅಂಗಡಿಯ ಮುಂದೆ ನಿಂತಿದ್ದಳು. ಫೋನು ಮಾರಿದವನು ಅವನೇ. ಅಂಗಡಿಯ ಬೆಂಚಿನ ಮೇಲೆ ತುರ್ಸುನ್ ಅತಾ ಎಂಬ ಮುದುಕ ಅಂಥದೇ ಫೋನು ಹಿಡಿದು ಕುಳಿತಿದ್ದ. ಪಕ್ಕದಲ್ಲಿ ಇಬ್ಬರು ಹೆಂಗಸರು ಫೋನಿನ ಕವಚ ಆರಿಸುತ್ತಿದ್ದರು.

ಶುಹ್ರತ್ ತನ್ನ ಫೋನಿನಿಂದ ಅವಳ ಸಂಖ್ಯೆಗೆ ಕರೆ ಮಾಡಿದ. ಅವಳ ಅಂಗೈಯಲ್ಲಿ ಫೋನು ಅಂಗಡಿಯೆಲ್ಲ ಕೇಳುವ ಹಾಗೆ ಹಾಡಿತು.

"ಕೇಳಿಸ್ತಾ ತಂಗಿ? ಫೋನಿಗೇನಾಗಿದೆ? ಕಲ್ಲುಗುಂಡಿನ ಹಾಗಿದೆ."

"ಮನೇಲಿ ಕೂಗಲ್ಲ, ಅಣ್ಣಾ."

"ಮನೇಲಿ ಅದಕ್ಕೂ ನಾಚಿಕೆ ಆಗತ್ತೇನೋ, ಒಡತಿ ಹಾಗೇ." ಹೆಂಗಸರು ಕಿಸಕ್ಕೆಂದರು. ಅವನಿಗೆ ಹುರುಪು ಬಂತು. "ನಿಮ್ಮದು ಮಣ್ಣುಗೋಡೆ ಮನೆ ಅಲ್ವಾ? ಮೂರು ಮೊಳ ದಪ್ಪ. ಒಳಗೆ ಸಿಗ್ನಲ್ ಹೇಗೆ ಬರತ್ತೆ? ಫೋನ್ ತಗೊಂಡು ಮಾಳಿಗೆ ಹತ್ತಿ ಕೂತ್ಕೋ."

"ನಂದೂ ಹಾಗೇ ಮಾಡತ್ತಪ್ಪ," ಎಂದ ತುರ್ಸುನ್ ಅತಾ. "ಮಗಳು ಮೂರು ದಿನದಿಂದ ಬೈತಾ ಇದಾಳೆ, ಸತ್ತೇ ಹೋದ್ರೇನೋ ಅಂದ್ಕೊಂಡ್ಳಂತೆ."

"ನೀವೂ ಮಾಳಿಗೆ ಹತ್ತಿ, ಅತಾ."

ಮುಹಯ್ಯೊ ಮನೆಗೆ ಹೊರಟಳು. ದಾರಿಯುದ್ದಕ್ಕೂ ಅವನ ಮಾತನ್ನು ತಿರುವಿ ನೋಡಿದಳು. ಸಿಗ್ನಲ್ ಇಲ್ಲದಿದ್ದರೆ ಕರೆ ಬಂದು ಹೋದ ಗುರುತಾದರೂ ಆ ಹೊತ್ತಿಗೇ ಸರಿಯಾಗಿ ಹೇಗೆ ಬೀಳುತ್ತದೆ? ಬಂದದ್ದು ಬಂದಿದೆ. ಕೂಗಿಲ್ಲ, ಅಷ್ಟೆ.

ಅವಳು ಒಂದು ಬಟ್ಟೆಚೂರು ತೆಗೆದುಕೊಂಡಳು. ಗೊತ್ತಿಲ್ಲದ ಬಣ್ಣ ಸುಜನಿಗೆ ಹೊಂದುತ್ತದೋ ಇಲ್ಲವೋ ಎಂದು ಮೊದಲು ಹೊಲಿದು ನೋಡುವಂಥ ಚೂರು. ಫೋನು ಕೂಗಿದರೆ ಒಂದು ಹಳದಿ ಹೊಲಿಗೆ, ಕೂಗದಿದ್ದರೆ ಒಂದು ಕಪ್ಪು. ಫೋನು ರೊಟ್ಟಿಯ ಒಲೆಯ ಬಳಿ ಇದ್ದಾಗಿನದು ಒಂದು ಸಾಲು, ಜಗಲಿಯದು ಒಂದು, ಮಗುವಿನ ಕೋಣೆಯದು ಒಂದು.

"ಅತ್ತಿಗೆ, ಆಗಾಗ ನನಗೊಂದು ಫೋನ್ ಮಾಡ್ತಿರ್ತೀರಾ? ಹೇಳದೇ ಕೇಳದೇ."

"ಒಂದೇ ಮನೇಲಿ ಕೂತ್ಕೊಂಡಾ? ಸರಿ ಬಿಡು. ನಲವತ್ತು ದಿನ ಹೊಸಲು ದಾಟೋ ಹಾಗಿಲ್ಲ, ನನಗೂ ಇನ್ನೇನು ಕೆಲಸ?"

ಸಂಜೆಯ ಹೊತ್ತಿಗೆ ಒಲೆಯ ಸಾಲು ಪೂರ್ತಿ ಹಳದಿ, ಜಗಲಿಯ ಸಾಲೂ ಪೂರ್ತಿ ಹಳದಿ. ಮಗುವಿನ ಕೋಣೆಯ ಸಾಲಿನಲ್ಲಿ ಮಾತ್ರ ಐದು ಕಪ್ಪು, ಎರಡು ಹಳದಿ. ಆ ಎರಡು ಹಳದಿ ಅವಳನ್ನು ಕಾಡಿದವು. ಗೋಡೆ ಅದೇ, ಗೂಡು ಅದೇ. ಗೋಡೆಯದೇ ತಪ್ಪಾಗಿದ್ದರೆ ಏಳೂ ಕಪ್ಪಾಗಬೇಕಿತ್ತು.

ಗುರುವಾರ ಬೆಳಗ್ಗೆ ಅವಳು ಹೊಲಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಸೂಜಿ ಆಡಿಸದೆ, ಗೂಡನ್ನೇ ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿಗೆ ಅಜ್ಜಿ ರಾನೊ ಬುವಿ ಒಳಗೆ ಬಂದಳು. ಬೀರುವಿನ ಕನ್ನಡಿಗೆ ಹೊದಿಸಿದ್ದ ದುಪ್ಪಟಿ ಸರಿಯಾಗಿದೆಯೇ ಎಂದು ಎಳೆದು ನೋಡಿದಳು. ತೊಟ್ಟಿಲಿಗೆ ಬಾಗಿ ಮೂರು ಸಲ ಏನೋ ಊದಿದಳು. ಹಿಂದಿರುಗುವಾಗ ಗೂಡಿನ ಮುಂದೆ ನಿಂತು, ನಿದ್ದೆ ಹೋದ ಕೋಳಿಮರಿಯನ್ನು ಸರಿಸುವ ಹಾಗೆ ಎರಡು ಬೆರಳಿನಿಂದ ಫೋನನ್ನು ಬೋರಲು ಹಾಕಿ, ಹೊರಗೆ ಹೋದಳು.

ಮುಹಯ್ಯೊ ಎದ್ದು ನಿಂತಳು. "ಅತ್ತಿಗೆ, ಈಗ ಮಾಡಿ. ಈಗ."

ದಿಲ್ರಬೊ ಮಾಡಿದಳು. ಸದ್ದಿಲ್ಲ. ಬೋರಲು ಬಿದ್ದ ಫೋನಿನ ಅಂಚಿನಿಂದ ಬೆಳಕು ಮಾತ್ರ ಗೂಡಿನ ಸುಣ್ಣದ ಮೇಲೆ ತೆಳ್ಳಗೆ ಹರಿಯಿತು. ಆ ಕರೆ ನಿಂತ ಮೇಲೆ ಮುಹಯ್ಯೊ ಫೋನನ್ನು ಅಂಗಾತ ಇಟ್ಟಳು. "ಇನ್ನೊಂದು ಸಲ." ಫೋನು ಗಂಟಲು ಬಿಚ್ಚಿ ಹಾಡಿತು. ಮಗು ಬೆಚ್ಚಿ ಅದಕ್ಕಿಂತ ಜೋರಾಗಿ ಹಾಡಿತು. ಮುಹಯ್ಯೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅಳು ಕೇಳಿ ಬುವಿ ಓಡಿಬಂದಳು.

"ಬುವಿ, ಫೋನ್ ಯಾಕೆ ಮಗುಚಿ ಹಾಕ್ತೀರಿ?"

"ಇನ್ನೇನು ಮಾಡ್ಲಿ? ಮಗು ಇರೋ ಕೋಣೇಲಿ ಕನ್ನಡಿ ತೆರೆದಿಡ್ತಾರಾ? ನಲವತ್ತು ದಿನ ತುಂಬೋ ತನಕ ಕೂಸು ತನ್ನ ಮುಖ ತಾನು ನೋಡ್ಕೋಬಾರದು."

"ಅದು ಕನ್ನಡಿ ಅಲ್ಲ ಬುವಿ, ಫೋನು," ಎಂದಳು ದಿಲ್ರಬೊ.

"ಮುಖ ಕಾಣತ್ತೋ ಇಲ್ವೋ?"

"ಕಾಣತ್ತೆ..."

"ಮತ್ತೆ? ಇವಳು ಕೈಲಿ ಹಿಡ್ಕೊಂಡು ದಿನಕ್ಕೆ ಹತ್ತು ಸಲ ಹುಬ್ಬು ನೋಡ್ಕೋತಾಳೆ, ನನಗೆ ಗೊತ್ತಿಲ್ವಾ?"

ಮುಹಯ್ಯೊಳ ಕಿವಿ ಕೆಂಪಾಯಿತು. ಅವಳು ವಾದಕ್ಕೆ ಹೋಗಲಿಲ್ಲ. ಫೋನು ಹಿಡಿದು ಜಗಲಿಗೆ ಹೋಗಿ ಸೆಟ್ಟಿಂಗ್ಸ್ ತೆರೆದಳು. ಎಲ್ಲ ರಷ್ಯನ್ ಅಕ್ಷರ. ಅವಳಿಗೆ ಓದಲು ಬರುತ್ತಿತ್ತು, ಅರ್ಥ ಆಗುತ್ತಿದ್ದುದು ಅರ್ಧ. ಒಂದೊಂದೇ ಪುಟ ತೆರೆದಳು, ಮುಚ್ಚಿದಳು. ಸದ್ದಿನ ಪುಟದಲ್ಲಿಲ್ಲ. ಕರೆಯ ಪುಟದಲ್ಲೂ ಇಲ್ಲ. ಚಹಾ ಆರಿತು. ಕೈಸನ್ನೆಗಳ ಪುಟದ ತುದಿಯಲ್ಲಿ ಒಂದು ಚಿಕ್ಕ ಚಿತ್ರವಿತ್ತು: ಬೋರಲು ಮಲಗಿದ ಫೋನು, ಪಕ್ಕದಲ್ಲಿ ಗೀಟು ಎಳೆದ ಗಂಟೆ. ಅದನ್ನು ಓದಲು ಯಾವ ಭಾಷೆಯೂ ಬೇಕಿರಲಿಲ್ಲ. ಹಸಿರು ಗುಂಡಿಯನ್ನು ಒತ್ತಿದಳು. ಬೂದಿ ಬಣ್ಣಕ್ಕೆ ತಿರುಗಿತು.

ಫೋನನ್ನು ಜಗಲಿಯ ಹಲಗೆಯ ಮೇಲೆ ಮಗುಚಿ ಹಾಕಿ ಕೂಗಿದಳು, "ಅತ್ತಿಗೇ, ಮಾಡೀ!" ಆ ದನಿ ಮೂರನೇ ಮನೆಯವರೆಗೆ ಹೋಯಿತು.

ಬೋರಲು ಬಿದ್ದಲ್ಲೇ ಫೋನು ಹಾಡಿತು.

ಮಧ್ಯಾಹ್ನ ದಾರ ತರಲು ಬಜಾರಿಗೆ ಹೋದಾಗ ಶುಹ್ರತ್ ದೂರದಿಂದಲೇ ಕರೆದ. "ಏನು ತಂಗಿ, ಮಾಳಿಗೆ ಮೇಲೆ ಗಾಳಿ ಚೆನ್ನಾಗಿದೆಯಾ?" ತುರ್ಸುನ್ ಅತಾ ಇಂದೂ ಬೆಂಚಿನ ಮೇಲಿದ್ದ. ಮುಹಯ್ಯೊ ಶುಹ್ರತ್‌ನನ್ನು ನೋಡದೆ ನೇರ ಮುದುಕನ ಬಳಿ ಹೋದಳು.

"ಅತಾ, ಮನೇಲಿ ಫೋನ್ ಹೇಗೆ ಇಡ್ತೀರಿ?"

"ಹೇಗೆ ಅಂದ್ರೆ? ಗಾಜು ಕೆಳಗೆ ಮಾಡಿ ಇಡ್ತೀನಮ್ಮ. ಧೂಳು ಕೂರಬಾರದಲ್ಲ, ಹೊಸದು."

ಅವಳು ಕೈ ಚಾಚಿದಳು. ಪುಟ, ಇನ್ನೊಂದು ಪುಟ, ಚಿತ್ರ, ಗುಂಡಿ. ಆಮೇಲೆ ಫೋನನ್ನು ಶುಹ್ರತ್‌ನ ಕಟ್ಟೆಯ ಮೇಲೆ ಬೋರಲು ಇಟ್ಟು, ಅತಾ ಹೇಳಿದ ಸಂಖ್ಯೆಗೆ ತನ್ನದರಿಂದ ಕರೆ ಮಾಡಿದಳು. ಬಜಾರಿನ ಗದ್ದಲದ ನಡುವೆ ಅದು ಕೂಗಿತು. ಮುದುಕ ಟೋಪಿ ತೆಗೆದು ತೊಡೆಗೆ ಬಡಿದ.

"ನಿನ್ನೆಯಿಂದ ನನ್ನ ಮಾಳಿಗೆ ಹತ್ತಿಸ್ತಾ ಇದೀಯಲ್ಲೋ, ಶುಹ್ರತ್! ಈ ಮಂಡಿ ಇಟ್ಕೊಂಡು!"

"ಇದನ್ನ ಎಲ್ಲಿ ಕಂಡುಹಿಡಿದೆ ನೀನು?" ಶುಹ್ರತ್ ಕಟ್ಟೆಯ ಮೇಲೆ ಪೂರ್ತಿ ಬಾಗಿದ. "ತಂಗಿ, ಇನ್ನೊಂದು ಸಲ ತೋರ್ಸು. ನಿಧಾನಕ್ಕೆ."

ಅವಳು ನಿಧಾನಕ್ಕೆ ತೋರಿಸಿದಳು.

ಶುಕ್ರವಾರ ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಬುವಿ ಒಳಗೆ ಬಂದು ಎಂದಿನಂತೆ ಫೋನನ್ನು ಮಗುಚಿದಳು. ಮುಹಯ್ಯೊ ತಡೆಯಲಿಲ್ಲ. ತಡೆಯದೆ ಇರುವುದಕ್ಕೆ ಅವಳು ಎರಡೂ ಕೈಯನ್ನು ಮಡಿಲಲ್ಲಿ ಹೆಣೆದು ಹಿಡಿದುಕೊಳ್ಳಬೇಕಾಯಿತು. ದಿಲ್ರಬೊ ಮಗುವಿಗೆ ಹಾಲು ಕೊಡುತ್ತಾ ಗೂಡಿನತ್ತ ನೋಡುತ್ತಿದ್ದಳು. ಹನ್ನೊಂದೂವರೆ. ಹನ್ನೆರಡಕ್ಕೆ ಇನ್ನು ಏಳೇ ನಿಮಿಷ.

ಫೋನು ಕೂಗಿತು.

"ಎತ್ತೇ!" ಎಂದು ದಿಲ್ರಬೊ ಕಿರುಚಿದಳು. ಮಗು ಮೊಲೆ ಬಿಟ್ಟು ಅಳತೊಡಗಿತು. "ಯಾ ಅಲ್ಲಾ, ಕನ್ನಡಿ ಕೂಗ್ತಿದೆ!" ಎಂದಳು ಬುವಿ.

"ಅಸ್ಸಲಾಮು ಅಲೈಕುಮ್, ಓಪಾ."

"ಅಬ್ಬಾ, ಬದುಕಿದ್ದೀಯಾ?" ಸುರಯ್ಯೊ ಓಪಾಳ ದನಿ ಒರಟಾಗಿತ್ತು. "ಎರಡು ಸಲ ಮಾಡಿದೆ. ಯಾರ ಬಾಗಿಲಲ್ಲೂ ನಾನು ಅಷ್ಟು ಹೊತ್ತು ನಿಲ್ಲೋಳಲ್ಲ. ಏನು ಸಮಾಚಾರ?"

ಎರಡು ದಿನದಿಂದ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತುಗಳು ಮುಹಯ್ಯೊಳಿಗೆ ಒಂದೂ ನೆನಪಾಗಲಿಲ್ಲ. ನಡೆದದ್ದನ್ನೇ ಹೇಳಿದಳು. ನಲವತ್ತು ದಿನ ತುಂಬದ ಮಗು, ಬುವಿ, ಬೋರಲು ಫೋನು. ಕರೆ ಕಡಿದುಹೋಯಿತೆಂದು ಅವಳು ಪರದೆ ನೋಡಿಕೊಂಡಳು. ಅಷ್ಟರಲ್ಲಿ ಫೋನಿನಿಂದ ನಗು ಒಡೆಯಿತು.

"ನಮ್ಮತ್ತೆ ನನ್ನ ಕನ್ನಡಕಾನೇ ಬಿಚ್ಚಿಸಿದ್ರು ಕಣೆ! ನಲವತ್ತು ದಿನ ಗೋಡೆ ಹಿಡ್ಕೊಂಡು ಓಡಾಡಿದೀನಿ." ಉಸಿರು ಸುಧಾರಿಸಿಕೊಂಡು ಕೇಳಿದಳು, "ಕಂಡುಹಿಡಿದದ್ದು ಯಾರು? ಅಂಗಡಿಯವನಾ?"

"ಅಲ್ಲ ಓಪಾ. ನಾನು."

"ಹೇಗೆ?"

ಮುಹಯ್ಯೊ ಹಳದಿ ಹೊಲಿಗೆ, ಕಪ್ಪು ಹೊಲಿಗೆಗಳ ವಿಷಯ ಹೇಳಿದಳು. ಮಧ್ಯದಲ್ಲಿ ಒಮ್ಮೆಯೂ ತೊದಲಲಿಲ್ಲ. ಹೇಳಿ ಮುಗಿದ ಮೇಲೆ ಅದು ಗಮನಕ್ಕೆ ಬಂದು ಅವಳಿಗೇ ಅಚ್ಚರಿಯಾಯಿತು.

"ಆ ಬಟ್ಟೆಚೂರು ಇನ್ನೂ ಇದೆಯಾ?"

"ಇದೆ."

"ಅದನ್ನ ತಗೊಂಡು ಬಾ. ಸೋಮವಾರ ಬೆಳಗ್ಗೆ. ಒಳ್ಳೊಳ್ಳೇ ಸುಜನಿ ಎಲ್ಲಾ ಮನೇಲೇ ಬಿಡು, ಅವನ್ನ ನಾನು ನೋಡಿಯಾಯ್ತು. ಊಟ, ಹಾಸಿಗೆ ನಮ್ಮಲ್ಲೇ. ನೂರಾತಾದವಳಿಗೆ ಮುಂದಿನ ವರ್ಷ ಅಂತ ಈಗಲೇ ಹೇಳಿಸ್ತೀನಿ."

ಭಾನುವಾರ ಬೆಳಗ್ಗೆ ಅಣ್ಣನ ಕಾರು ಬಾಗಿಲಲ್ಲಿ ಗುರುಗುಟ್ಟುತ್ತಿತ್ತು. ಬುವಿ ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮೊಮ್ಮಗಳ ಬಾಯಿಗೆ ಒಡ್ಡಿದಳು. ದೂರ ಹೋಗುವವರು ಒಂದು ತುತ್ತು ಕಚ್ಚಿ ಬಿಟ್ಟ ರೊಟ್ಟಿಯನ್ನು, ಅವರು ಮರಳಿ ಬಂದು ತಿಂದು ಮುಗಿಸುವವರೆಗೆ ಮನೆಯಲ್ಲಿ ಇನ್ನಾರೂ ಮುಟ್ಟುವುದಿಲ್ಲ. ಮುಹಯ್ಯೊ ಅಂಚನ್ನು ತುಟಿ ತಾಗಿಸಿದ ಹಾಗೆ ಕಚ್ಚಿದಳು.

"ಇದೇನು, ಇಲಿ ಮೂಸಿದ ಹಾಗೆ!" ಎಂದು ಬುವಿ ಗದರಿದಳು. "ಗುಬ್ಬಿ ಕೂಡ ಇದಕ್ಕಿಂತ ಹೆಚ್ಚು ತಿನ್ನತ್ತೆ. ಕಚ್ಚು!"

ಮುಹಯ್ಯೊ ಬಾಯಿ ಪೂರ್ತಿ ತೆರೆದು ಕಚ್ಚಿದಳು. ಎರಡೂ ಕೆನ್ನೆ ಉಬ್ಬಿದವು. ಬಿಸಿಗೆ ಕಣ್ಣಲ್ಲಿ ನೀರಾಡಿತು. ಬಾಯಿ ತುಂಬಿದ್ದರಿಂದ ಹೋಗಿ ಬರುತ್ತೇನೆ ಎನ್ನಲಾಗದೆ ಕೈ ಮಾತ್ರ ಎದೆಗಿಟ್ಟುಕೊಂಡು ಕಾರು ಹತ್ತಿದಳು.

ಧೂಳು ಇಳಿದ ಮೇಲೆ ಬುವಿ ಒಳಗೆ ಹೋಗಿ, ಮಣೆ ಹತ್ತಿ, ರೊಟ್ಟಿಯನ್ನು ದಾರದಲ್ಲಿ ಪೋಣಿಸಿ ಗೋಡೆಯ ಮೊಳೆಗೆ ತೂಗುಹಾಕಿದಳು. ಕಚ್ಚಿದ ಜಾಗದಲ್ಲಿ ಹಲ್ಲಿನ ಸಾಲು ಅರ್ಧಚಂದ್ರದ ಹಾಗೆ ಸ್ಪಷ್ಟವಾಗಿ ಮೂಡಿತ್ತು. ಅಲ್ಲಿಂದ ಇನ್ನೂ ತೆಳ್ಳಗೆ ಹಬೆ ಏಳುತ್ತಿತ್ತು.